ಅವರು ಹಾಕಿದ ಕೇಸಿಗೆ ನಾವೂ ಒಂದು ಹಾಕಲೇಬೇಕಾ?

ಈ ಸಲ ಮೂರು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ, ಊರು ಬೇರೆ, ಜಗಳವೂ ಬೇರೆ. ಕೇಳಿರುವುದು ಮಾತ್ರ ಹೆಚ್ಚುಕಡಿಮೆ ಒಂದೇ. ಎದುರಿನವರು ಕೆಣಕುತ್ತಲೇ ಇದ್ದಾರೆ, ನಾವು ಸುಮ್ನೆ ಇದ್ದರೆ ಸೋತ ಹಾಗಲ್ವಾ? ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಜಿಲ್ಲಾ ಕೋರ್ಟುಗಳಲ್ಲಿ ವಕೀಲಿಕೆ ಮಾಡಿಕೊಂಡು ಬಂದ ನನಗೆ ಆ ಪತ್ರದ ಒಂದೊಂದು ಸಾಲೂ ಪರಿಚಿತ.

ಪ್ರಶ್ನೆ: ಮೇಡಂ, ನಮ್ಮದು ತುಮಕೂರು ಜಿಲ್ಲೆ. ಅಪ್ಪ ತೀರಿಕೊಂಡ ಮೇಲೆ ನನಗೂ ತಮ್ಮನಿಗೂ ತೆಂಗಿನ ತೋಟದ ವಿಷಯಕ್ಕೆ ಮನಸ್ತಾಪ ಬಂತು. ಅವನು ಪಾಲಿನ ದಾವೆ ಹಾಕಿದ. ದಾವೆ ವಜಾ ಮಾಡಬೇಕು ಅಂತ ನಾವು ತಕರಾರು ಸಲ್ಲಿಸಿದೆವು. ಅವನು ಬೋರ್‌ವೆಲ್ ಹತ್ತಿರ ಬರಬಾರದು ಅಂತ ತಡೆಯಾಜ್ಞೆಗೂ ಅರ್ಜಿ ಹಾಕಿದೆ. ಅವನು ತೋಟದ ದಾರಿಗೆ ಕಲ್ಲು ಹಾಕಿಸಿದ. ನಾನು ಸ್ಟೇಷನ್‌ಗೆ ಹೋಗಿ ದೂರು ಕೊಟ್ಟೆ, ಮಾರನೇ ದಿನ ಅವನೂ ಹೋಗಿ ನನ್ನ ಮೇಲೆ ಕೊಟ್ಟ. ಇಬ್ಬರ ಮೇಲೂ ಶಾಂತಿಭಂಗ ತಡೆಯುವ 107ನೇ ಕಲಂ ಹಾಕಿದರು, ತಹಶೀಲ್ದಾರ್ ಕಚೇರಿಗೆ ಅಲೆದೆವು. ಈಗ ನನ್ನ ಹೆಂಡತಿಯ ಮೇಲೂ ದೂರು ಕೊಟ್ಟಿದ್ದಾನೆ. ತೋಟ ಮಾರಿಬಿಡುತ್ತಾನೆ ಅಂತಲೂ ಸುದ್ದಿ. ಕಾಯಿ ಮಾರಿದ ದುಡ್ಡೆಲ್ಲ ಕೋರ್ಟಿಗೇ ಹೋಗುತ್ತಿದೆ. "ಕೌಂಟರ್ ಕೇಸ್ ಜಡಿ, ಇಲ್ಲದಿದ್ದರೆ ತಲೆ ಮೇಲೆ ಕೂರ್ತಾನೆ" ಅಂತ ಊರಿನವರು ಹೇಳುತ್ತಾರೆ. ನನಗೆ ಬೇಕಿರುವುದು ನನ್ನ ಪಾಲಿನ ಜಮೀನು ಮತ್ತು ನೀರು, ಅಷ್ಟೇ. ಕೇಸ್ ಹಾಕಲಾ, ಬೇಡವಾ? (ಹೆಸರು ಬೇಡ)

ಉತ್ತರ: ಬೇಡ, ಹಾಕಬೇಡಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಿಮಗೆ ಏನು ಬೇಕು ಅನ್ನುವುದನ್ನು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಪಾಲು, ನೀರು. ಈಗ ಅದರ ಮೇಲಿನ ಸಾಲುಗಳನ್ನು ಇನ್ನೊಮ್ಮೆ ಓದಿಕೊಳ್ಳಿ. ಅವನು ಹಾಕಿದ, ನಾನು ಹಾಕಿದೆ, ಅವನು ಕೊಟ್ಟ, ನಾನು ಕೊಟ್ಟೆ. ಇಷ್ಟರಲ್ಲಿ ಪಾಲು ನಿಮ್ಮ ಕೈಗೆ ಬರಲಿ ಅಂತ ನೀವು ಮಾಡಿದ ಕೆಲಸ ಯಾವುದು? ನನಗೆ ಒಂದೂ ಕಾಣಲಿಲ್ಲ. ಎಲ್ಲವೂ ತಮ್ಮ ಮಾಡಿದ್ದಕ್ಕೆ ಉತ್ತರ. ನೀವು ಯಾವ ದಿನ ಎಲ್ಲಿಗೆ ಹೋಗಬೇಕು, ಯಾವುದಕ್ಕೆ ದುಡ್ಡು ಹೊಂದಿಸಬೇಕು, ರಾತ್ರಿ ಏನು ಯೋಚನೆ ಮಾಡುತ್ತಾ ಮಲಗಬೇಕು, ಇದನ್ನೆಲ್ಲ ಈಗ ನಿಮ್ಮ ತಮ್ಮ ತೀರ್ಮಾನ ಮಾಡುತ್ತಿದ್ದಾರೆ. ಅವರಿಗೂ ಇದೇ ಗತಿ. ಅವರ ದಿನವನ್ನು ನೀವು ತೀರ್ಮಾನ ಮಾಡುತ್ತಿದ್ದೀರಿ.

ಇನ್ನೊಂದು ಮಾತು. ಇದು ನಿಮ್ಮ ವಕೀಲರು ನಿಮಗೆ ಹೇಳಬೇಕಾಗಿದ್ದ ಮಾತು. ಪಾಲಿನ ದಾವೆಯಲ್ಲಿ ಪ್ರತಿವಾದಿಯೂ ಒಂದು ರೀತಿಯಲ್ಲಿ ವಾದಿಯೇ. ತಮ್ಮ ಹಾಕಿದ ಅದೇ ದಾವೆಯಲ್ಲಿ ನೀವೂ ಅದಕ್ಕೆ ತಕ್ಕ ಶುಲ್ಕ ಕಟ್ಟಿ "ನನ್ನ ಪಾಲನ್ನೂ ಬೇರೆ ಮಾಡಿಕೊಡಿ" ಅಂತ ಕೇಳಬಹುದು. ಅಂದರೆ ನಿಮಗೆ ಬೇಕಾದದ್ದನ್ನೇ ಕೊಡಬಲ್ಲ ದಾವೆ ಅದು. ಅದನ್ನು ನೀವು ವಜಾ ಮಾಡಿಸಲು ಹೋರಾಡುತ್ತಿದ್ದೀರಿ! ಅದು ತಮ್ಮ ಹಾಕಿದ್ದು ಅನ್ನುವ ಒಂದೇ ಕಾರಣಕ್ಕೆ ಅಲ್ವಾ? ನೀವು ಗೆದ್ದು ದಾವೆ ವಜಾ ಆಯಿತು ಅಂತಲೇ ಇಟ್ಟುಕೊಳ್ಳಿ. ಜಮೀನು ಜಂಟಿಯಾಗಿಯೇ ಉಳಿಯುತ್ತದೆ, ಬೋರ್‌ವೆಲ್ ಕೂಡ ಜಂಟಿ, ಜಗಳ ಮೊದಲಿಂದ ಶುರು. ಆ ಬೋರ್‌ವೆಲ್ ತಡೆಯಾಜ್ಞೆಯ ವಿಷಯವೂ ಅಷ್ಟೇ. ಜಂಟಿ ಆಸ್ತಿಯಲ್ಲಿ ಒಬ್ಬ ಪಾಲುದಾರ ಇನ್ನೊಬ್ಬನನ್ನು ಹೊರಗಿಡುವ ತಡೆಯಾಜ್ಞೆ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೂ ಅದರ ಮೇಲೆ ಮೇಲ್ಮನವಿ ಇದ್ದೇ ಇದೆ.

ಏಟಿಗೆ ಎದುರೇಟು ಕೊಡಬೇಕು ಅನ್ನುವ ನಿಮ್ಮೂರಿನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ಅರ್ಧ ಸತ್ಯ ಇದೆ. 1980ರ ಹೊತ್ತಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಆಕ್ಸೆಲ್‌ರಾಡ್ ಅನ್ನುವ ರಾಜ್ಯಶಾಸ್ತ್ರದ ಪ್ರಾಧ್ಯಾಪಕರು ಕಂಪ್ಯೂಟರಿನಲ್ಲಿ ಒಂದು ಪಂದ್ಯ ನಡೆಸಿದರು. ಇಬ್ಬರು ಆಟಗಾರರು, ಸುತ್ತಿನ ಮೇಲೆ ಸುತ್ತು. ಪ್ರತಿ ಸುತ್ತಿನಲ್ಲೂ ಎದುರಿನವನ ಜೊತೆ ಹೊಂದಿಕೊಂಡು ಹೋಗಬಹುದು, ಇಲ್ಲವೇ ಕೈಕೊಡಬಹುದು. ಬೇರೆ ಬೇರೆ ವಿದ್ವಾಂಸರು 14 ತಂತ್ರಗಳನ್ನು ಕಳಿಸಿದರು. ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ, ಎಲ್ಲಕ್ಕಿಂತ ಸರಳವಾದ ತಂತ್ರ. ಮೊದಲು ಹೊಂದಿಕೊಂಡು ಹೋಗು, ಆಮೇಲೆ ಅವನು ಹಿಂದಿನ ಸುತ್ತಿನಲ್ಲಿ ಏನು ಮಾಡಿದನೋ ಅದನ್ನೇ ಮಾಡು. ಎರಡನೇ ಸಲ 62 ತಂತ್ರಗಳು ಬಂದವು, ಆಗಲೂ ಅದೇ ಗೆದ್ದಿತು. ಇಲ್ಲಿವರೆಗೆ ಕೇಳಿದರೆ ನಿಮ್ಮೂರಿನವರು ಹೇಳಿದ್ದೇ ಸರಿ ಅನ್ನಿಸುತ್ತದೆ.

ಆದರೆ ಆ ಪಂದ್ಯದಲ್ಲಿ ಇನ್ನೆರಡು ಸಂಗತಿಗಳಿವೆ. ಆ ತಂತ್ರ ಯಾವ ಒಬ್ಬ ಎದುರಾಳಿಗಿಂತಲೂ ಜಾಸ್ತಿ ಅಂಕ ತೆಗೆಯಲೇ ಇಲ್ಲ. ಒಬ್ಬರೆದುರು ಆಡಿದಾಗ ಅದಕ್ಕೆ ಸಿಕ್ಕಿದ್ದು ಒಂದೋ ಸಮ, ಇಲ್ಲವೇ ಸ್ವಲ್ಪ ಕಡಿಮೆ. ಯಾರನ್ನೂ ಸೋಲಿಸಲು ಹೋಗದೆ ತುಂಬಾ ಜನರ ಜೊತೆ ಹೊಂದಿಕೊಂಡು ಒಟ್ಟು ಲೆಕ್ಕದಲ್ಲಿ ಮುಂದೆ ಬಂತು. ಎರಡನೆಯದು ನಿಮಗೆ ನೇರವಾಗಿ ತಾಗುವಂಥದ್ದು. ಏಟಿಗೆ ಎದುರೇಟು ಕೊಡುವ ಇಬ್ಬರು ಮುಖಾಮುಖಿಯಾದಾಗ ಒಬ್ಬ ಒಂದೇ ಒಂದು ಸಲ ತಪ್ಪಿ ಕೈಕೊಟ್ಟರೂ ಸಾಕು. ಅವನು ಹೊಡೆದ ಅಂತ ಇವನು, ಇವನು ಹೊಡೆದ ಅಂತ ಅವನು, ಅದು ನಿಲ್ಲುವುದೇ ಇಲ್ಲ. ಇಬ್ಬರೂ ನಿಯಮದಂತೆಯೇ ನಡೆಯುತ್ತಿರುತ್ತಾರೆ, ಇಬ್ಬರಿಗೂ ತಾನು ಬರೀ ಉತ್ತರ ಕೊಡುತ್ತಿದ್ದೇನೆ ಅಂತಲೇ ಅನ್ನಿಸುತ್ತಿರುತ್ತದೆ, ಇಬ್ಬರ ಅಂಕವೂ ಇಳಿಯುತ್ತಾ ಹೋಗುತ್ತದೆ. 1992ರಲ್ಲಿ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಅನ್ನುವವರು ಇದನ್ನು ಮುಂದುವರಿಸಿ ನೋಡಿದರು. ತಪ್ಪುಗಳು ಆಗುವ ಜಗತ್ತಿನಲ್ಲಿ, ಹೆಚ್ಚುಕಡಿಮೆ ಮೂರಕ್ಕೊಂದು ಏಟನ್ನು ಮನ್ನಿಸಿ ಬಿಡುವ ತಂತ್ರವೇ ಕೊನೆಗೆ ಉಳಿಯುತ್ತದೆ ಅಂತ ಅವರಿಗೆ ಕಂಡಿತು. ನಿಮ್ಮಿಬ್ಬರಲ್ಲಿ ಮೊದಲ ಏಟು ಯಾರದು ಅನ್ನುವುದು ಈಗ ಯಾರ ಪ್ರಯೋಜನಕ್ಕೂ ಇಲ್ಲ. ಮುಂದಿನ ಏಟನ್ನು ಯಾರಾದರೂ ಒಬ್ಬರು ತಿಂದು ಸುಮ್ಮನಾಗಬೇಕು. ಪತ್ರ ಬರೆದಿರುವುದು ನೀವು, ಹಾಗಾಗಿ ನಿಮಗೇ ಹೇಳುತ್ತಿದ್ದೇನೆ.

ಇದು ನಮಗೆ ಹೊಸ ಕತೆಯೇನಲ್ಲ. ಮಹಾಭಾರತದಲ್ಲಿ ಧರ್ಮರಾಯ ಮೊದಲ ಜೂಜಿನಲ್ಲಿ ಸೋತದ್ದನ್ನು ನಾವೆಲ್ಲ ನೆನಪಿಟ್ಟುಕೊಳ್ಳುತ್ತೇವೆ. ನನಗೆ ಜಾಸ್ತಿ ಸಂಕಟ ಆಗುವುದು ಆಮೇಲಿನ ಭಾಗ ಓದುವಾಗ. ಧೃತರಾಷ್ಟ್ರ ರಾಜ್ಯವನ್ನೆಲ್ಲ ವಾಪಸ್ ಕೊಟ್ಟಾಗಿದೆ, ಪಾಂಡವರು ಊರ ದಾರಿ ಹಿಡಿದಾಗಿದೆ. ಆಗ ಮತ್ತೆ ಕರೆ ಬರುತ್ತದೆ, ಧರ್ಮರಾಯ ಮತ್ತೆ ತಿರುಗಿ ಹೋಗುತ್ತಾನೆ. ಕರೆದಾಗ ಹೋಗದಿದ್ದರೆ ತಪ್ಪಾಗುತ್ತದೆ ಅನ್ನುವುದು ಅವನ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು. ಶಕುನಿಗೆ ದಾಳ ಹಾಕುವ ವಿದ್ಯೆಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಧರ್ಮರಾಯನ ಆ ಸ್ವಭಾವವೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಈಗ ಕೆಲಸದ ಮಾತು. ಉತ್ತರ ಕೊಡಬೇಡಿ ಅಂದರೆ ಎಲ್ಲದಕ್ಕೂ ಕಣ್ಣುಮುಚ್ಚಿ ಕೂರಿ ಅಂತ ಅರ್ಥವಲ್ಲ, ಇದನ್ನು ದಯವಿಟ್ಟು ತಪ್ಪು ತಿಳಿಯಬೇಡಿ. ಕೋರ್ಟಿನ ವಾಯಿದೆಗೆ ನೀವಾಗಲಿ ವಕೀಲರಾಗಲಿ ಹೋಗದಿದ್ದರೆ ಏಕಪಕ್ಷೀಯ ಆದೇಶ ಆಗುತ್ತದೆ. ಅಲ್ಲಿಗೆ ಹೋಗಲೇಬೇಕು. ಹೆಂಡತಿಯ ಮೇಲಿನ ದೂರು ಎಫ್‌ಐಆರ್ ಆಗಿದೆಯೋ, ಬರೀ ಎನ್‌ಸಿಆರ್ (ಸಣ್ಣಪುಟ್ಟ ಅಪರಾಧದ ದೂರಿನ ದಾಖಲೆ) ಆಗಿದೆಯೋ ಮೊದಲು ಕೇಳಿ ತಿಳಿದುಕೊಳ್ಳಿ. ಎನ್‌ಸಿಆರ್ ಆದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎಫ್‌ಐಆರ್ ಆಗಿದ್ದರೆ ಯಾವ ಕಲಂ ಹಾಕಿದ್ದಾರೆ ನೋಡಿ, ಜಾಮೀನಿಲ್ಲದ ಅಪರಾಧವಾದರೆ ತಡಮಾಡದೆ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿಸಿ. ಆ ಹೆಣ್ಣುಮಗಳಿಗೆ ಧೈರ್ಯ ಬೇಕಾಗಿದೆ. ಅವರ ರಕ್ಷಣೆ ಮಾಡುವುದು ಒಂದು ಕೆಲಸ, ತಮ್ಮನ ಮೇಲೆ ಹೊಸ ದೂರು ಕೊಡುವುದು ಬೇರೆಯೇ ಕೆಲಸ. ಮೊದಲನೆಯದನ್ನು ಪೂರ್ತಿ ಮಾಡಿ, ಎರಡನೆಯದನ್ನು ಬಿಡಿ.

107ರ ಅನುಭವ ನಿಮಗೆ ಆಗಲೇ ಆಗಿದೆ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಬದಲು ಹೊಸ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ, ಅದರಲ್ಲಿ ಇದು 126ನೇ ಕಲಂ. ಊರಲ್ಲಿ ಮಾತ್ರ ಈಗಲೂ 107 ಅಂತಲೇ ಕರೆಯುತ್ತಾರೆ. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಕೊಟ್ಟಾಗ ಯಾರದ್ದು ಸರಿ ಅಂತ ನೋಡುವ ಕೆಲಸ ಅಲ್ಲಿ ನಡೆಯುವುದಿಲ್ಲ, ಶಾಂತಿ ಕಾಪಾಡುತ್ತೇವೆ ಅಂತ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ನಿಮ್ಮ ದೂರಿನಲ್ಲಿ ನ್ಯಾಯ ಇದ್ದರೂ ಎದುರು ದೂರು ಬಂದ ಕೂಡಲೇ ಕಡತದಲ್ಲಿ ನೀವಿಬ್ಬರೂ ಒಂದೇ ಥರ ಕಾಣುತ್ತೀರಿ. ಕೌಂಟರ್ ಕೇಸಿನಿಂದ ಆಗುವ ದೊಡ್ಡ ನಷ್ಟ ಇದು. ದಾರಿಗೆ ಕಲ್ಲು ಹಾಕಿದ್ದಕ್ಕೆ ಫೋಟೋ ತೆಗೆದಿಡಿ, ತಾರೀಕು ಬರೆದಿಡಿ, ಈಗಿರುವ ದಾವೆಯಲ್ಲೇ ಒಂದು ಮಧ್ಯಂತರ ಅರ್ಜಿ ಹಾಕಿಸಿ. ಎಲ್ಲವೂ ಒಬ್ಬ ನ್ಯಾಯಾಧೀಶರ ಮುಂದೆ, ಒಂದೇ ಕಡತದಲ್ಲಿ ಇರಲಿ.

ಮಾರಿಬಿಡುತ್ತಾನಂತೆ ಅನ್ನುವ ಸುದ್ದಿ ನಿಮ್ಮನ್ನು ತುಂಬಾ ಓಡಾಡಿಸುತ್ತಿರಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ, ದಾವೆ ನಡೆಯುತ್ತಿರುವಾಗ ಯಾರು ಕೊಂಡುಕೊಂಡರೂ ಅವರು ಆ ದಾವೆಯ ತೀರ್ಪಿಗೆ ಬದ್ಧರು. ತಿಳಿದವರು ಯಾರೂ ಅಂಥ ಜಮೀನು ಕೊಳ್ಳುವುದಿಲ್ಲ. ಪ್ರತಿ ಸುದ್ದಿಯ ಹಿಂದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಓಡಬೇಕಿಲ್ಲ.

ಇನ್ನು ನೀವೇ ಮೊದಲು ಇಡಬೇಕಾದ ಹೆಜ್ಜೆ. ದಾವೆ ವಜಾ ಮಾಡಿ ಅನ್ನುವ ಹಠ ಬಿಟ್ಟು, ನಮಗೂ ಪಾಲು ಬೇಕು ಅಂತ ವಕೀಲರ ಮೂಲಕ ಕೋರ್ಟಿಗೆ ತಿಳಿಸಿ. ಮಧ್ಯಸ್ಥಿಕೆಗೆ ಇಲ್ಲವೇ ಲೋಕ ಅದಾಲತ್‌ಗೆ ಕಳಿಸಿ ಅಂತ ಕೇಳಿ. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ ಸಮ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಈ ಕೊನೆಯದ್ದೇ ನಿಮಗೆ ಮುಖ್ಯ, ಅಲ್ಲಿಗೆ ಜಗಳ ಮುಗಿಯುತ್ತದೆ. ನೀರಿನ ವಿಷಯವನ್ನು ಬಾಯಿಮಾತಿಗೆ ಬಿಡಬೇಡಿ. ತ್ರೀ ಫೇಸ್ ಕರೆಂಟ್ ಇರುವ ಹೊತ್ತನ್ನು ದಿನ ಬಿಟ್ಟು ದಿನ ಹಂಚಿಕೊಳ್ಳುತ್ತೀರೋ, ಗಂಟೆ ಲೆಕ್ಕ ಮಾಡುತ್ತೀರೋ, ಮೋಟರ್ ಸುಟ್ಟರೆ ರಿಪೇರಿ ಖರ್ಚು ಯಾರದು, ನೀರು ಬತ್ತಿದರೆ ಇನ್ನೊಂದು ಬೋರ್ ಕೊರೆಸುವುದು ಯಾರ ಪಾಲಿನಲ್ಲಿ, ಎಲ್ಲವನ್ನೂ ರಾಜಿ ಪತ್ರದಲ್ಲಿ ಬರೆಸಿ. ನನ್ನ ಪ್ರಕಾರ ಅಣ್ಣತಮ್ಮಂದಿರ ರಾಜಿ ಮತ್ತೆ ಮುರಿದು ಬೀಳುವುದು ಜಮೀನಿನ ಅಳತೆಗಿಂತ ಈ ಮೋಟರಿನ ಲೆಕ್ಕಕ್ಕೇ ಜಾಸ್ತಿ.

ತಮ್ಮ ಒಪ್ಪದಿದ್ದರೆ? ಆಗಲೂ ನೀವು ಹಿಡಿದ ದಾರಿ ಬದಲಾಗುವುದಿಲ್ಲ. ಪ್ರಾಥಮಿಕ ಡಿಕ್ರಿ ಬೇಗ ಆಗಲಿ ಅಂತ ಒತ್ತಾಯಿಸಿ. ಅಲ್ಲಿ ಯಾರಿಗೆ ಎಷ್ಟು ಪಾಲು ಅಂತ ತೀರ್ಮಾನವಾಗುತ್ತದೆ. ಆಮೇಲೆ ಅಂತಿಮ ಡಿಕ್ರಿ. ಕಂದಾಯದ ಜಮೀನಾದರೆ ಅಳತೆ ಮಾಡಿ ಬೇರೆ ಮಾಡುವ ಕೆಲಸ ಜಿಲ್ಲಾಧಿಕಾರಿಗಳ ಕಡೆಯಿಂದ ಆಗುತ್ತದೆ. ಪ್ರಾಥಮಿಕ ಡಿಕ್ರಿ ಆದಮೇಲೆ ಅಂತಿಮ ಡಿಕ್ರಿಗೆ ಯಾರೋ ಬಂದು ಅರ್ಜಿ ಹಾಕಲಿ ಅಂತ ಕಾಯದೆ ಕೋರ್ಟೇ ಮುಂದುವರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಇದನ್ನು ವಕೀಲರಿಗೆ ನೆನಪಿಸಿ. ತಮ್ಮ ದಾರಿಯಲ್ಲಿ ಬೈದರೆ ಬೈಯಲಿ. ಕಟ್ಟೆಯ ಮೇಲೆ ಏನಾದರೂ ಅಂದರೆ ಅನ್ನಲಿ. ಅದು ನಿಮ್ಮ ಪಾಲಿನಿಂದ ಒಂದು ಗುಂಟೆಯನ್ನೂ ಕಿತ್ತುಕೊಳ್ಳುವುದಿಲ್ಲ.

ಕೌಂಟರ್ ಕೇಸ್ ಜಡಿ ಅಂದವರ ಬಗ್ಗೆ ನನಗೆ ಕೋಪ ಇದೆ, ಮುಚ್ಚಿಡುವುದಿಲ್ಲ. "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಅನ್ನುವ ಮಾತು ಅವರಿಗೂ ಗೊತ್ತು. ಆದರೂ ಚಿತಾವಣೆ ಬಿಡುವುದಿಲ್ಲ. ಅವರಲ್ಲಿ ಯಾರಾದರೂ ನಿಮ್ಮ ವಕೀಲರ ಫೀಸಿನಲ್ಲಿ ಅರ್ಧ ಕೊಡುತ್ತಾರಾ ಕೇಳಿ ನೋಡಿ.

ಪ್ರಶ್ನೆ: ನಾನು ಹಾವೇರಿ ಕಡೆಯವಳು, ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದೇನೆ. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಹೊಲ ಅಜ್ಜನ ಕಾಲದ್ದು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ಅಣ್ಣಂದಿರು ಒತ್ತಾಯ ಮಾಡುತ್ತಿದ್ದಾರೆ. ಇಲ್ಲ ಅಂದರೆ ತವರಿನ ಬಾಗಿಲು ಮುಚ್ಚಿತು ಅನ್ನುತ್ತಾರೆ. ಪ್ರತಿ ಹಬ್ಬದಲ್ಲೂ ಇದೇ ವಾದ, ಅವ್ವ ಅಳುತ್ತಾಳೆ. ಕಾನೂನು ಓದಿಕೊಂಡು ಹೋಗಿ ವಾದ ಮಾಡಿದ್ದೂ ಆಯಿತು. ಸಾಕಾಗಿದೆ. ಸಹಿ ಹಾಕಿ ನೆಮ್ಮದಿಯಾಗಿ ಇದ್ದುಬಿಡಲಾ?

ಉತ್ತರ: ಸಹಿ ಹಾಕಬೇಡಿ. ಇನ್ನುಮುಂದೆ ವಾದವನ್ನೂ ಮಾಡಬೇಡಿ.

ತಂಗಿ, ನಿಮ್ಮ ಹಕ್ಕು ನೀವು ಅಣ್ಣಂದಿರ ಜೊತೆ ವಾದದಲ್ಲಿ ಗೆದ್ದರೆ ಬರುವಂಥದ್ದಲ್ಲ. ಅದು ಆಗಲೇ ಇದೆ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳನ್ನೂ ಮಗನಂತೆಯೇ ಹುಟ್ಟಿನಿಂದ ಪಾಲುದಾರಳು ಅಂತ ಮಾಡಿದೆ. ಆ ದಿನ ಅಪ್ಪ ಬದುಕಿದ್ದರೋ ಇಲ್ಲವೋ ಅನ್ನುವುದು ಮುಖ್ಯವಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆ ಗೊಂದಲವನ್ನು ಮುಗಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ಪಾಲುಪತ್ರ ಏನಾದರೂ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ನಿಮ್ಮ ಅವ್ವನಿಗೂ ಅಪ್ಪನ ಪಾಲಿನಲ್ಲಿ ಹಕ್ಕಿದೆ. ಇದನ್ನು ಯಾರೂ ಆಕೆಗೆ ಹೇಳಿರಲಿಕ್ಕಿಲ್ಲ.

ಹಾಗಾದರೆ ಹಬ್ಬಕ್ಕೆ ಹೋದಾಗಲೆಲ್ಲ ನೀವು ಯಾಕೆ ವಾದಕ್ಕೆ ಇಳಿಯುತ್ತೀರಿ? ಅವರಿಗೆ ನಿಮ್ಮ ಸಹಿ ಬೇಕು. ನೀವು ವಾದ ಮಾಡುವಷ್ಟು ದಿನ ಈ ವಿಷಯ ಇನ್ನೂ ತೀರ್ಮಾನ ಆಗಿಲ್ಲ, ಇನ್ನೊಂದು ಸಲ ಒತ್ತಿ ನೋಡೋಣ ಅಂತಲೇ ಅವರಿಗೆ ಅನ್ನಿಸುತ್ತದೆ. ನಿಮಗೋ, ಅವರನ್ನು ಒಪ್ಪಿಸಿಯೇ ತೀರಬೇಕು ಅನ್ನುವ ಹಠ. ಒಪ್ಪಿಸಬೇಕಾಗಿಲ್ಲ. "ನಾನು ಸಹಿ ಹಾಕುವುದಿಲ್ಲ, ಪಾಲು ಮಾಡುವಾಗ ಕೂತು ಮಾತಾಡೋಣ" ಅಂತ ಒಂದು ಸಲ ಹೇಳಿ. ಮತ್ತೆ ಕೇಳಿದರೆ ಅದೇ ಮಾತನ್ನು ಅಷ್ಟೇ ಮೆತ್ತಗೆ ಹೇಳಿ, ಎದ್ದು ಅವ್ವನ ಜೊತೆ ಒಲೆ ಹತ್ತಿರ ಹೋಗಿ ಕೂತುಕೊಳ್ಳಿ. ಹಬ್ಬಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ಬಾಗಿಲು ಮುಚ್ಚುವವರು ಅವರೇ ಮುಚ್ಚಲಿ, ನೀವು ಮುಚ್ಚಬೇಡಿ.

ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೊಟ್ಟು ನೋಂದಣಿ ಮಾಡಿಸಿಕೊಂಡ ಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ. ಮನಸ್ಸು ದಣಿದಿರುವಾಗ ಅಂಥ ಕಾಗದದ ಹತ್ತಿರ ಹೋಗಬೇಡಿ. ಮುಂದೆ ದಾವೆ ಹಾಕಲೇಬೇಕಾಗಿ ಬಂದರೆ ಕೋರ್ಟಿನ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ದಾವೆ ಹಾಕಿದರೆ ಅದನ್ನು ಅಣ್ಣಂದಿರಿಗೆ ಬುದ್ಧಿ ಕಲಿಸಲು ಅಂತ ಹಾಕಬೇಡಿ, ಹೊಲದಲ್ಲಿ ನಿಮ್ಮ ಪಾಲಿಗಾಗಿ ಹಾಕಿ. ಆಗ ಯಾವ ರಾಜಿಗೆ ಒಪ್ಪಬಹುದು, ಯಾವುದಕ್ಕೆ ಒಪ್ಪಬಾರದು ಅನ್ನುವುದು ನಿಮಗೇ ತಿಳಿಯುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದು ಬೆಣ್ಣೆ ದೋಸೆ ಹೋಟೆಲ್. ಮೊದಲು ಪಾಲುದಾರನಾಗಿದ್ದವನು ಲೆಕ್ಕ ಮುಗಿಸಿಕೊಂಡು ಹೋಗಿ ಎದುರಿಗೇ ಹೋಟೆಲ್ ಇಟ್ಟಿದ್ದಾನೆ. ಅವನು ದೋಸೆಗೆ ಐದು ರೂಪಾಯಿ ಇಳಿಸಿದ, ನಾನೂ ಇಳಿಸಿದೆ. ಅವನು ಮತ್ತೆ ಇಳಿಸಿದ, ನಾನೂ ಬಿಡಲಿಲ್ಲ. ಗಿರಾಕಿಗಳು ಇದ್ದಾರೆ, ಗಲ್ಲಾದಲ್ಲಿ ದುಡ್ಡಿಲ್ಲ. ಎಷ್ಟು ದಿನ ತಡೆದುಕೊಳ್ಳಬೇಕು?

ಉತ್ತರ: ಇವತ್ತಿಗೇ ನಿಲ್ಲಿಸಿ. ಅವರು ದೋಸೆಯ ರೇಟು ಇಳಿಸಿದಾಗ ನೀವೂ ಇಳಿಸಿದಿರಿ, ಅಂದರೆ ನಿಮ್ಮ ಹೋಟೆಲಿನ ದರಪಟ್ಟಿ ಬರೆಯುತ್ತಿರುವವರು ಅವರು. ಅವರ ಹತ್ತಿರ ದುಡ್ಡು ಇನ್ನೆಷ್ಟು ದಿನಕ್ಕೆ ಇದೆ ಅಂತ ನಿಮಗೆ ಗೊತ್ತಿಲ್ಲ, ನಿಮ್ಮದು ಅವರಿಗೆ ಗೊತ್ತಿಲ್ಲ. ಇಬ್ಬರೂ ಇನ್ನೊಬ್ಬ ಮೊದಲು ಬಾಗಿಲು ಹಾಕಲಿ ಅಂತ ಕಾಯುತ್ತಿದ್ದೀರಿ.

ಅಕ್ಕಿ, ಉದ್ದು, ಮಂಡಕ್ಕಿ, ಬೆಣ್ಣೆ, ಸೌದೆ ಇಲ್ಲವೇ ಗ್ಯಾಸ್, ಹುಡುಗರ ಸಂಬಳ, ಬಾಡಿಗೆ, ಎಲ್ಲ ಸೇರಿಸಿ ಒಂದು ದೋಸೆಗೆ ಎಷ್ಟು ಬೀಳುತ್ತದೆ ಅಂತ ಕೂತು ಲೆಕ್ಕ ಹಾಕಿ. ಅದರ ಮೇಲೆ ನಿಮಗೆ ಎಷ್ಟು ಉಳಿಯಬೇಕೋ ಅಷ್ಟು ಸೇರಿಸಿ ಬೋರ್ಡಿನಲ್ಲಿ ಬರೆಯಿರಿ. ಎದುರಿನ ಬೋರ್ಡು ನೋಡಿ ಬರೆಯಬೇಡಿ. ಕೆಲವರು ಆ ಕಡೆ ಹೋಗುತ್ತಾರೆ, ಹೋಗಲಿ. ಬೆಣ್ಣೆಯಲ್ಲಿ ಮಾತ್ರ ಕೈ ಹಿಡಿಯಬೇಡಿ. ರೇಟು ಇಳಿಸಿದ ಹೋಟೆಲುಗಳಲ್ಲಿ ಮೊದಲು ಕಡಿಮೆಯಾಗುವುದೇ ಅದು, ದಾವಣಗೆರೆಯ ಜನ ಒಂದು ತುತ್ತಿಗೇ ಕಂಡುಹಿಡಿಯುತ್ತಾರೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತು, ಚಟ್ನಿ, ಆಲೂಗಡ್ಡೆ ಪಲ್ಯ, ಕೂರುವ ಜಾಗದ ಚೊಕ್ಕಟ, ಇವೆಲ್ಲ ನಿಮ್ಮ ಕೈಯಲ್ಲಿವೆ. ಹೊಸ ರೇಟಿನ ಬೋರ್ಡು ಹಾಕಿದ ಮೇಲೆ ಒಂದೆರಡು ತಿಂಗಳ ಲೆಕ್ಕ ಬರೆದಿಟ್ಟು, ಗಿರಾಕಿ ಎಷ್ಟು ಕಡಿಮೆಯಾದರು, ಗಲ್ಲಾದಲ್ಲಿ ಎಷ್ಟು ಉಳಿಯಿತು ಅಂತ ನನಗೆ ಮತ್ತೆ ಬರೆಯಿರಿ.